ಸೆರಗಿನ ಪಿನ್ನು ತೆಗೆಯುವ ಮೊದಲು

ಈ ಸಲ ಬಂದ ಪ್ರಶ್ನೆಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಇಳಕಲ್, ಗುಳೇದಗುಡ್ಡ, ಬನಹಟ್ಟಿ, ಮುಧೋಳ, ಬಾದಾಮಿ. ಊರು ಹಲವು, ಹೆಚ್ಚಿನವರ ಪ್ರಶ್ನೆ ಒಂದೇ: ಮನೆಗೆ ವೈಫೈ ಕೊಡುವ ಪೆಟ್ಟಿಗೆಯ, ಅಂದರೆ ರೂಟರಿನ, ಸೆಟ್ಟಿಂಗ್ಸ್ ಪುಟ ತೆರೆಯುತ್ತಿಲ್ಲ. ಹಿಂದಿನ ಸಲವೂ ಇದೇ ಆಗಿತ್ತು. ನವನಗರದ ನನ್ನ ಅಂಗಡಿಗೆ ರೂಟರನ್ನು ಕಿರಾಣಿ ಚೀಲದಲ್ಲಿ ಹಾಕಿಕೊಂಡು ಬರುವವರು ಕೇಳುವುದೂ ಇದನ್ನೇ. ಆದ್ದರಿಂದ ಈ ಬಾರಿ ಜಾಗದ ಬಹುಪಾಲು ಅದಕ್ಕೇ. ಉಳಿದವರು ಸಿಟ್ಟಾಗಬಾರದು, ಆದರೂ ಪರವಾಗಿಲ್ಲ.

ಪ್ರಶ್ನೆ: ಮನೆಯ ವೈಫೈ ಪಾಸ್‌ವರ್ಡ್ ಬದಲಿಸಬೇಕು. ಮೊಬೈಲಿನಲ್ಲಿ 192.168.1.1 ಎಂದು ಹಾಕಿದರೆ ಒಮ್ಮೆ ಗೂಗಲ್ ಪಟ್ಟಿ ಬರುತ್ತದೆ, ಇನ್ನೊಮ್ಮೆ ಖಾಲಿ ಪುಟ ಸುತ್ತುತ್ತಲೇ ಇರುತ್ತದೆ. ಟಿವಿಯಲ್ಲಿ ಯೂಟ್ಯೂಬ್ ಚೆನ್ನಾಗಿಯೇ ಓಡುತ್ತಿದೆ. ಮೊಬೈಲ್ ಅಂಗಡಿಯವರು ರೂಟರಿನ ಹಿಂಬದಿಯ ತೂತಿಗೆ ಪಿನ್ನು ಚುಚ್ಚಿ ರೀಸೆಟ್ ಮಾಡಿ ಎಂದಿದ್ದಾರೆ. ಮಾಡಲೇ? (ಓದುಗರೊಬ್ಬರು, ಇಳಕಲ್)

ಬೇಡ. ಪಿನ್ನನ್ನು ಎಲ್ಲಿಂದ ತೆಗೆದಿದ್ದೀರೋ ಅಲ್ಲಿಗೇ ಸಿಕ್ಕಿಸಿ, ಆಮೇಲೆ ಮುಂದೆ ಓದಿ.

ಟಿವಿಯಲ್ಲಿ ಯೂಟ್ಯೂಬ್ ಓಡುತ್ತಿದೆ ಎಂದು ನೀವೇ ಬರೆದಿದ್ದೀರಿ. ಅಂದ ಮೇಲೆ ರೂಟರಿಗೆ ಏನೂ ಆಗಿಲ್ಲ. ನೀವು ಬಡಿಯುತ್ತಿರುವ ಬಾಗಿಲು ಬೇರೆಯವರದು, ಅಷ್ಟೇ.

ಗೂಗಲ್ ಪಟ್ಟಿ ಏಕೆ ಬರುತ್ತದೆ? ಬರೆದದ್ದು ವಿಳಾಸದಂತೆ ಕಾಣದಿದ್ದರೆ ಬ್ರೌಸರ್ ಅದನ್ನು ಹುಡುಕಲು ಹೊರಡುತ್ತದೆ. ಮೊನ್ನೆ ಕಾಕಾ ಒಬ್ಬರು ಮೊಬೈಲ್ ಮುಂದೆ ಹಿಡಿದು, "ನೋಡಪ್ಪ, ಸರಿಯಾಗಿಯೇ ಬರೆದಿದ್ದೇನೆ" ಎಂದರು. ಬೆರಳಿನಿಂದ ಹಿಗ್ಗಿಸಿ ನೋಡಿದೆ. ಕೊನೆಯ ಎರಡು ಒಂದುಗಳು ಒಂದುಗಳೇ ಆಗಿರಲಿಲ್ಲ, ಇಂಗ್ಲಿಷಿನ ಸಣ್ಣ ಎಲ್ ಅಕ್ಷರಗಳಾಗಿದ್ದವು. ಇನ್ನೊಬ್ಬರು 192.168.0.1ರ ಸೊನ್ನೆಯ ಜಾಗದಲ್ಲಿ ಓ ಅಕ್ಷರ ಕೂಡಿಸಿದ್ದರು. ಶಿಕ್ಷಕರೊಬ್ಬರು ಕನ್ನಡ ಕೀಲಿಮಣೆಯಲ್ಲಿ ೧೯೨ ಎಂದು ಕನ್ನಡ ಅಂಕಿಗಳನ್ನೇ ಬರೆದಿದ್ದರು. ಅವರ ಅಭಿಮಾನಕ್ಕೆ ಕೈ ಮುಗಿದೆ, ಆದರೆ ಬ್ರೌಸರಿಗೆ ಅದು ವಿಳಾಸವಲ್ಲ. ಚುಕ್ಕಿಯ ಬದಲು ಅಲ್ಪವಿರಾಮ, ನಡುವೆ ಒಂದು ಖಾಲಿ ಜಾಗ, ಎಲ್ಲವನ್ನೂ ಕಂಡಿದ್ದೇನೆ.

ಆ ಪಟ್ಟಿ ಬಂದರೆ ಅದರಲ್ಲಿ ಏನನ್ನೂ ಒತ್ತಬೇಡಿ. "ರೂಟರ್ ಸಹಾಯವಾಣಿ" ಎಂದು ಫೋನ್ ನಂಬರ್ ಹಾಕಿಕೊಂಡು ಕುಳಿತ ಕಳ್ಳರು ಅಲ್ಲಿರುತ್ತಾರೆ. ನಯವಾಗಿ ಮಾತನಾಡುತ್ತಾರೆ, ನಿಮ್ಮ ಪರದೆ ಅವರಿಗೆ ಕಾಣಿಸುವ ಆ್ಯಪ್ ಒಂದನ್ನು ಹಾಕಿಸುತ್ತಾರೆ, ಹತ್ತು ರೂಪಾಯಿ ನೋಂದಣಿ ಶುಲ್ಕ ಕಟ್ಟಿ ಎನ್ನುತ್ತಾರೆ. ನೀವು ಬ್ಯಾಂಕಿನ ಪಿನ್ ಒತ್ತುವುದನ್ನು ಆಚೆ ಕುಳಿತವನು ನೋಡುತ್ತಿರುತ್ತಾನೆ. ರೂಟರಿನ ಪುಟ ತೆರೆಯಲು ಜಗತ್ತಿನ ಯಾವ ಕಂಪನಿಯೂ ಹಣ ಕೇಳುವುದಿಲ್ಲ. ಆಗಲೇ ಕಟ್ಟಿಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆದರೆ ನಿಮ್ಮ ಅಸಲಿ ತಪ್ಪು ಅಕ್ಷರದ್ದಲ್ಲ ಎಂದು ನನ್ನ ಅನುಮಾನ. ನಿಮ್ಮ ರೂಟರಿನ ವಿಳಾಸ 192.168.1.1 ಎಂದು ಹೇಳಿದವರು ಯಾರು? ಪಕ್ಕದ ಮನೆಯವರೇ? ಯಾವುದೋ ವಿಡಿಯೊವೇ? ಟಿಪಿ-ಲಿಂಕ್, ಡಿ-ಲಿಂಕ್, ಟೆಂಡಾ ಪೆಟ್ಟಿಗೆಗಳಲ್ಲಿ ಅನೇಕವು 192.168.0.1ರಲ್ಲಿ ತೆರೆಯುತ್ತವೆ. ಜಿಯೋ ಫೈಬರಿನದು ಸಾಮಾನ್ಯವಾಗಿ 192.168.29.1, ಶಿಯೋಮಿ ರೂಟರಿನದು 192.168.31.1. 192.168ರಿಂದ ಶುರುವಾಗುವ ವಿಳಾಸಗಳನ್ನು ಮನೆ, ಕಚೇರಿಗಳ ಒಳಬಳಕೆಗೆಂದೇ ಬಿಡಲಾಗಿದೆ. 1996ರಿಂದ ಜಾರಿಯಲ್ಲಿರುವ ನಿಯಮವದು. ಹೊರಗಿನ ಇಂಟರ್‌ನೆಟ್‌ನಲ್ಲಿ ಅವಕ್ಕೆ ಬೆಲೆಯೇ ಇಲ್ಲ. "ದೇವರ ಕೋಣೆಗೆ ಹೋಗು" ಎಂದರೆ ಯಾವ ಮನೆಯಲ್ಲಿ ನಿಂತು ಹೇಳುತ್ತೀರೋ ಆ ಮನೆಯ ದೇವರ ಕೋಣೆಗೇ ಹೋಗಬೇಕಲ್ಲವೇ? ಇದೂ ಹಾಗೆಯೇ. ನಿಮ್ಮ ವೈಫೈಯೊಳಗೆ ನಿಂತು ಕರೆದರೆ ಮಾತ್ರ ನಿಮ್ಮ ರೂಟರ್ ಓಗೊಡುತ್ತದೆ, ಅದೂ ಅದರ ಸ್ವಂತ ವಿಳಾಸದಲ್ಲಿ ಕರೆದರೆ.

ಆ ವಿಳಾಸವನ್ನು ಯಾರನ್ನೂ ಕೇಳಬೇಕಾಗಿಲ್ಲ, ನಿಮ್ಮ ಮೊಬೈಲಿಗೆ ಗೊತ್ತಿದೆ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ವೈಫೈಗೆ ಹೋಗಿ, ಕೂಡಿಕೊಂಡಿರುವ ಹೆಸರಿನ ಪಕ್ಕದ ಹಲ್ಲುಚಕ್ರದ ಗುರುತನ್ನು ಒತ್ತಿ, ಕೆಳಗೆ ಸರಿಸಿದರೆ "ಗೇಟ್‌ವೇ" ಎಂಬ ಸಾಲು ಕಾಣುತ್ತದೆ. ಐಫೋನಿನಲ್ಲಿ ಅದೇ ಸಾಲಿಗೆ "ರೂಟರ್" ಎಂದು ಹೆಸರು. ವಿಂಡೋಸ್ ಕಂಪ್ಯೂಟರಿನಲ್ಲಿ ಆಜ್ಞೆ ಬರೆಯುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್‌ಫಿಗ್ (ipconfig) ಎಂದು ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ ಬರೆದು ಎಂಟರ್ ಒತ್ತಿದರೆ "ಡಿಫಾಲ್ಟ್ ಗೇಟ್‌ವೇ" ಎದುರು ಬರುತ್ತದೆ. ಅದನ್ನೇ ಬ್ರೌಸರಿನ ಮೇಲ್ಪಟ್ಟಿಯಲ್ಲಿ ಬರೆಯಿರಿ. ಅಲ್ಲೇ ಇರುವ "ಐಪಿ ವಿಳಾಸ"ವನ್ನು ಬರೆದುಕೊಂಡು ಬಂದು ತೆರೆಯುತ್ತಿಲ್ಲ ಎನ್ನಬೇಡಿ. ಅದು ನಿಮ್ಮ ಮೊಬೈಲಿನದು. ಕಂಪ್ಯೂಟರಿನಲ್ಲಿ ಆ ಐಪಿ ವಿಳಾಸ 169.254 ಎಂದು ಶುರುವಾಗಿದ್ದರೆ ರೂಟರ್ ಅದಕ್ಕೆ ವಿಳಾಸವನ್ನೇ ಕೊಟ್ಟಿಲ್ಲ, ಅದು ತಾನೇ ಒಂದನ್ನು ಕಟ್ಟಿಕೊಂಡಿದೆ ಎಂದರ್ಥ. ಆಗ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿ, ಇಲ್ಲವೇ ವೈಫೈ ಬಿಟ್ಟು ಮತ್ತೆ ಕೂಡಿಕೊಳ್ಳಿ.

ಪುಟ ಸುತ್ತುತ್ತಲೇ ಇರುತ್ತದೆ ಎಂದಿರಲ್ಲ, ಅದಕ್ಕೆ ಇನ್ನೂ ಒಂದು ಕಾರಣ ಇರಬಹುದು. ಮೊಬೈಲ್ ಡೇಟಾ ಬಂದ್ ಮಾಡಿದ್ದೀರಾ? ವೈಫೈ ಸ್ವಲ್ಪ ಸೊರಗಿದೆ ಎನಿಸಿದರೆ ಸಾಕು, ಈಗಿನ ಮೊಬೈಲ್‌ಗಳು ನಿಮ್ಮನ್ನು ಕೇಳದೆಯೇ ಸಿಮ್ಮಿನ ಇಂಟರ್‌ನೆಟ್‌ಗೆ ಹಾರುತ್ತವೆ. ಮೇಲೆ ವೈಫೈ ಗುರುತು ಇದ್ದೇ ಇರುತ್ತದೆ, ನಿಮ್ಮ ಕರೆ ಮಾತ್ರ ಊರ ಹೊರಗಿನ ಟವರಿಗೆ ಹೋಗಿರುತ್ತದೆ. ಟವರಿಗೇನು ಗೊತ್ತು ನಿಮ್ಮ ದೇವರ ಕೋಣೆ? ಡೇಟಾ ಬಂದ್ ಮಾಡಿ, ನಿಮ್ಮ ಸಂಪರ್ಕವನ್ನು ಬೇರೆ ದಾರಿಯಲ್ಲಿ ಸುತ್ತಿಸುವ ವಿಪಿಎನ್ ಆ್ಯಪ್ ಇದ್ದರೆ ಅದನ್ನೂ ಬಂದ್ ಮಾಡಿ. ಅತಿಥಿಗಳಿಗೆಂದು ಮಾಡಿದ ಗೆಸ್ಟ್ ವೈಫೈಗೆ ಕೂಡಿಕೊಂಡಿದ್ದರೂ ಸಾಮಾನ್ಯವಾಗಿ ಆ ಪುಟ ತೆರೆಯುವುದಿಲ್ಲ, ತೆರೆಯಲೂಬಾರದು.

ಆಮೇಲೆ ಆ ಕೆಂಪು ಎಚ್ಚರಿಕೆ. "ಈ ಸಂಪರ್ಕ ಸುರಕ್ಷಿತವಲ್ಲ" ಎಂದು ಬಂದ ಕೂಡಲೇ ಕೈ ನಡುಗಿ ಮುಚ್ಚಿಬಿಡುತ್ತಾರೆ. ಬೇರೆ ಕಡೆ ಹಾಗೆ ಮುಚ್ಚುವುದೇ ಸರಿ. ಆದರೆ ಗೇಟ್‌ವೇ ಸಾಲಿನಿಂದ ನೀವೇ ಎತ್ತಿಕೊಂಡ ವಿಳಾಸವಾದರೆ, ಆ ಪೆಟ್ಟಿಗೆಯ ಬಳಿ ಹೊರಗಿನವರು ಸಹಿ ಮಾಡಿದ ಪ್ರಮಾಣಪತ್ರ ಇಲ್ಲ ಎಂಬುದಷ್ಟೇ ಅದರ ಅರ್ಥ, ಮುಂದುವರಿಯಬಹುದು. ಬ್ರೌಸರ್ ತಾನಾಗಿ ಸುರಕ್ಷಿತ ಸಂಪರ್ಕದ ಗುರುತಾದ ಎಚ್‌ಟಿಟಿಪಿಎಸ್ ಹಾಕಿಕೊಂಡು ಮುಗ್ಗರಿಸುತ್ತಿದ್ದರೆ, ಕೊನೆಯ ಎಸ್ ಇಲ್ಲದ ಎಚ್‌ಟಿಟಿಪಿಯನ್ನು ಕೋಲನ್ ಮತ್ತು ಎರಡು ಓರೆಗೆರೆಗಳ ಸಮೇತ (http://) ವಿಳಾಸದ ಮುಂದೆ ನೀವೇ ಬರೆಯಿರಿ.

ಪುಟ ತೆರೆದರೂ ವೈಫೈ ಬದಲಾಗುತ್ತಿಲ್ಲ ಎಂದು ಬನಹಟ್ಟಿಯಿಂದ ಬಂದ ಪ್ರಶ್ನೆಗೂ ಇಲ್ಲೇ ಉತ್ತರಿಸುತ್ತೇನೆ, ಏಕೆಂದರೆ ಅವರ ಮನೆಯಲ್ಲಿ ಪೆಟ್ಟಿಗೆಗಳು ಎರಡು. ಕೆಳಗೆ ಮಗ್ಗದ ಕೋಣೆಯ ಗೋಡೆಗೆ ಇಂಟರ್‌ನೆಟ್ ಕಂಪನಿಯವರು ಬಡಿದ ಫೈಬರ್ ಪೆಟ್ಟಿಗೆ, ಮೇಲಿನ ಮಹಡಿಯಲ್ಲಿ ಬೀರುವಿನ ತಲೆಯ ಮೇಲೆ ಮಗ ಕೊಂಡು ತಂದ ರೂಟರ್. ಬದಲಿಸಬೇಕಾದ ವೈಫೈ ಹೆಸರು ಮೇಲಿನದು, ಅವರು ತೆರೆಯುತ್ತಿರುವ ಪುಟ ಕೆಳಗಿನದು. ಯಾವ ಪೆಟ್ಟಿಗೆ ಆ ಹೆಸರನ್ನು ಹೊರಡಿಸುತ್ತಿದೆಯೋ ಅದರ ಪುಟವೇ ಬೇಕು. ಕೆಳಗಿನಿಂದ ಬಂದ ಕೇಬಲ್ ಮೇಲಿನ ರೂಟರಿನಲ್ಲಿ ಹೊರಗಿನ ಇಂಟರ್‌ನೆಟ್ ಒಳಬರುವ ವ್ಯಾನ್ ತೂತಿನಲ್ಲಿದ್ದರೆ, ಆ ವೈಫೈಗೆ ಕೂಡಿಕೊಂಡಾಗ ಕಾಣುವ ಗೇಟ್‌ವೇ ಮೇಲಿನದೇ. ಮನೆಯ ಕಂಪ್ಯೂಟರು, ಟಿವಿಗಳಿಗೆಂದಿರುವ ಲ್ಯಾನ್ ತೂತಿನಲ್ಲಿದ್ದು, ರೂಟರ್ ಕೂಡಿಸಿದವನು ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಅದರಲ್ಲಿ ಬಂದ್ ಮಾಡಿಟ್ಟಿದ್ದರೆ, ಗೇಟ್‌ವೇ ಸಾಲು ಕೆಳಗಿನ ಪೆಟ್ಟಿಗೆಯನ್ನೇ ತೋರಿಸುತ್ತದೆ. ಮೇಲಿನದಕ್ಕೆ ಯಾವ ವಿಳಾಸ ಕೊಟ್ಟೆ ಎಂದು ಆಗ ಮಗನನ್ನೇ ಕೇಳಬೇಕು. ಮಗನಿಗೂ ಮರೆತಿದ್ದರೆ, ಕೇಬಲ್ ಕಿತ್ತಿಟ್ಟು ಮೇಲಿನದನ್ನು ರೀಸೆಟ್ ಮಾಡಬಹುದು. ಸ್ವಂತ ದುಡ್ಡಿನಲ್ಲಿ ಕೊಂಡ ಎರಡನೆಯ ಪೆಟ್ಟಿಗೆ, ಹೊಸದಾಗಿ ಕೂಡಿಸಿಕೊಂಡರಾಯಿತು.

ಕಂಪನಿಯ ಪೆಟ್ಟಿಗೆಗೆ ಮಾತ್ರ ಪಿನ್ನು ತಾಗಿಸಬೇಡಿ. ಏಕೆಂದು ಹೇಳಲು ನನ್ನದೇ ಮಾನ ಕಳೆದುಕೊಳ್ಳಬೇಕಾಗುತ್ತದೆ, ಇರಲಿ.

ಅಂಗಡಿ ತೆರೆದ ಹೊಸತರಲ್ಲಿ ವಿದ್ಯಾಗಿರಿಯ ಒಂದು ಮನೆಗೆ ಇಂಥದೇ ಕೆಲಸಕ್ಕೆ ಹೋಗಿದ್ದೆ. ಶನಿವಾರ ಸಂಜೆ. ಐದು ನಿಮಿಷ ತಡಕಾಡಿದೆ, ಪುಟ ತೆರೆಯಲಿಲ್ಲ. "ಒಂದು ಸೂಜಿ ಕೊಡಿ ಅಕ್ಕಾ" ಎಂದೆ. ಆ ತಾಯಿ ಹೆಗಲ ಮೇಲಿನ ಸೆರಗಿನ ಪಿನ್ನನ್ನೇ ತೆಗೆದು ಕೊಟ್ಟರು. ತೂತಿಗೆ ಹಾಕಿ ಹತ್ತು ಎಣಿಸುವವರೆಗೆ ಒತ್ತಿ ಹಿಡಿದೆ. ದೀಪಗಳೆಲ್ಲ ಒಮ್ಮೆ ಆರಿ ಮತ್ತೆ ಹೊತ್ತಿಕೊಂಡವು. ನಾನು ಗೆದ್ದವನಂತೆ ನಕ್ಕೆ. ಪುಟವೂ ತೆರೆಯಿತು. ಇಂಟರ್‌ನೆಟ್ ದೀಪ ಮಾತ್ರ ಹೊತ್ತಲಿಲ್ಲ. ಕಂಪನಿಯ ಹುಡುಗ ಕೂಡಿಸುವಾಗ ಒಳಗೆ ಬರೆದಿಟ್ಟಿದ್ದ, ಕಂಪನಿಯ ಇಂಟರ್‌ನೆಟ್‌ಗೆ ಸೇರಲು ಬೇಕಾದ ಪಿಪಿಪಿಒಇ ಖಾತೆಯ ಹೆಸರು, ಅದರ ಪಾಸ್‌ವರ್ಡ್, ಸಂಪರ್ಕದ ದಾರಿ ಗುರುತಿಸುವ ವಿಲ್ಯಾನ್ ಸಂಖ್ಯೆ ಎಲ್ಲವನ್ನೂ ನಾನು ಆ ಪಿನ್ನಿನಿಂದ ಒರೆಸಿಹಾಕಿದ್ದೆ. ಅವು ಆ ಮನೆಯವರ ಬಳಿ ಯಾವ ಕಾಗದದಲ್ಲೂ ಇರಲಿಲ್ಲ. ಭಾನುವಾರ ಕಂಪನಿಯಲ್ಲಿ ಫೋನ್ ಎತ್ತುವವರಿಲ್ಲ. ಆ ಮನೆಯ ಮಗಳು ಕಾಲೇಜಿನ ಅರ್ಜಿ ತುಂಬಲು ಸೋಮವಾರ ಕೊನೆಯ ದಿನ. ಬಸ್ ನಿಲ್ದಾಣದ ಹತ್ತಿರದ ಸೈಬರ್ ಅಂಗಡಿಯ ಸಾಲಿನಲ್ಲಿ ಆ ಹುಡುಗಿಯ ಜೊತೆ ನಾನೂ ನಿಂತಿದ್ದೆ. ಕಂಪನಿಯ ಹುಡುಗ ಬಂದದ್ದು ಮಂಗಳವಾರ. ಕೆಲಸ ಮುಗಿಸಿ, "ಪಿನ್ನು ಚುಚ್ಚಿದವರು ಯಾರು?" ಎಂದು ಕೇಳಿದ. ನಾನು ಪಡಸಾಲೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಪುಟ ತೆರೆದ ಮೇಲೆ ಪಾಸ್‌ವರ್ಡ್ ಕೇಳುತ್ತದೆ, ಜನ ಅಲ್ಲಿ ಮತ್ತೆ ಎಡವುತ್ತಾರೆ. ಪಾಸ್‌ವರ್ಡ್‌ಗಳು ಮೂರು. ಮೊಬೈಲಿಗೆ ಹಾಕುವ ವೈಫೈ ಪಾಸ್‌ವರ್ಡ್ ಒಂದು, ಕಂಪನಿಯ ಖಾತೆಯದು ಇನ್ನೊಂದು, ಈ ಪುಟದ್ದು ಮೂರನೆಯದು. ಮೂರನೆಯದು ಹೆಚ್ಚಾಗಿ ಪೆಟ್ಟಿಗೆಯ ಹೊಟ್ಟೆಯ ಚೀಟಿಯ ಮೇಲಿರುತ್ತದೆ. ಮೊಬೈಲಿನಿಂದ ಅದರ ಫೋಟೊ ತೆಗೆದು ಹಿಗ್ಗಿಸಿ ಓದಿ. ಬಗ್ಗಿ ಓದಲು ಹೋಗಿ ಫೈಬರ್ ತಂತಿ ಮಡಿಸಿ ಮುರಿದವರಿದ್ದಾರೆ. ಹತ್ತಾರು ಸಲ ಊಹೆಯಿಂದ ಹೊಡೆಯಬೇಡಿ, ಕೆಲವು ಪೆಟ್ಟಿಗೆಗಳು ಸಿಟ್ಟಾಗಿ ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಳ್ಳುತ್ತವೆ. ಚೀಟಿಯ ಪಾಸ್‌ವರ್ಡೂ ನಡೆಯದಿದ್ದರೆ ಕಂಪನಿಯವರು ಅದನ್ನು ಬದಲಿಸಿರಬಹುದು. ಆಗ ಬಿಲ್ಲಿನ ಮೇಲಿರುವ ಅವರ ನಂಬರಿಗೇ ಕರೆ ಮಾಡಿ. ಹಲವು ಕಂಪನಿಗಳ ಆ್ಯಪ್‌ನಲ್ಲಿ ವೈಫೈ ಪಾಸ್‌ವರ್ಡ್ ಬದಲಿಸುವ ಸೌಲಭ್ಯ ಇದ್ದೇ ಇರುತ್ತದೆ. ಇದನ್ನು ಮೊದಲೇ ಹೇಳಿದ್ದರೆ ನೀವು ಇಷ್ಟೆಲ್ಲ ಓದುತ್ತಿರಲಿಲ್ಲ.

ಒಳಗೆ ಹೋದವರು ಬಂದ ಕೆಲಸದ ಜೊತೆಗೆ ಆ ಮೂರನೆಯ ಪಾಸ್‌ವರ್ಡನ್ನೂ ಬದಲಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಅಲ್ಲ, ಒಂದು ವಹಿಯಲ್ಲಿ ಬರೆದಿಡಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಂ ಲಕ್ಷಾಂತರ ಕ್ಯಾಮೆರಾ, ರೂಟರುಗಳೊಳಗೆ ನುಗ್ಗಿದ್ದು ದೊಡ್ಡ ಕನ್ನ ಕೊರೆದೇನಲ್ಲ. ಕಾರ್ಖಾನೆಯಿಂದ ಬಂದ ಹೆಸರು, ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹೊಡೆದು ನೋಡಿತು, ಬಾಗಿಲು ತೆರೆದವು.

ಪ್ರಶ್ನೆ: ಎಲ್‌ಒಎಸ್ ಎಂಬ ದೀಪ ಕೆಂಪಗೆ ಮಿನುಗುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ಏನು ಬದಲಿಸಬೇಕು? (ಗುಳೇದಗುಡ್ಡ)

ಏನೂ ಇಲ್ಲ. ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ. ತಂತಿ ಎಲ್ಲೋ ತುಂಡಾಗಿದೆ ಅಥವಾ ಮಡಿಕೆಯಾಗಿದೆ. ಕಂಪನಿಗೆ ಹೇಳಿ.

ಪ್ರಶ್ನೆ: ವೈಫೈ ವಿಕಿರಣ ತಡೆಯಲು ರೂಟರಿನ ಮೇಲೆ ಅಂಟಿಸುವ ಬಿಲ್ಲೆಯನ್ನು ಸಂತೆಯಲ್ಲಿ ಮಾರುತ್ತಿದ್ದರು, ತಂದಿದ್ದೇನೆ. ಸರಿಯೇ? (ಮುಧೋಳ)

ಬಿಲ್ಲೆ ನಿಜವಾಗಿ ಅಲೆಗಳನ್ನು ತಡೆದರೆ ನಿಮಗೆ ವೈಫೈಯೇ ಸಿಗಬಾರದು. ಸಿಗುತ್ತಿದೆಯೇ? ಹಾಗಾದರೆ ಬಿಲ್ಲೆ ಸುಮ್ಮನೆ ಕುಳಿತಿದೆ. ಗಾಳಿಯಾಡುವ ತೂತುಗಳ ಮೇಲೆ ಅಂಟಿಸಿದ್ದರೆ ಕಿತ್ತು ಬಿಸಾಡಿ, ನಮ್ಮ ಬೇಸಿಗೆಯ ಬಿಸಿಲಿಗೆ ಆ ಪೆಟ್ಟಿಗೆ ಮೊದಲೇ ಕುದಿಯುತ್ತಿರುತ್ತದೆ.

ಪ್ರಶ್ನೆ: ಹಳೆಯ ಕಲ್ಲುಗೋಡೆಯ ಮನೆ. ರೂಟರ್ ಪಡಸಾಲೆಯ ಗೂಡಿನಲ್ಲಿದೆ, ಅಡುಗೆಮನೆಗೆ ವೈಫೈ ಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಶಕ್ತಿ ಹೆಚ್ಚಿಸುವುದು ಹೇಗೆ? (ಬಾದಾಮಿ)

ಒಂದೂವರೆ ಮೊಳ ದಪ್ಪದ ಕಲ್ಲನ್ನು ಸೆಟ್ಟಿಂಗ್ಸ್ ಕರಗಿಸುವುದಿಲ್ಲ. ಮೊದಲು ಗೂಡಿನಿಂದ ಹೊರಗೆ ತೆಗೆದು ಬಾಗಿಲಿನ ನೇರಕ್ಕೆ, ಎತ್ತರದಲ್ಲಿಡಿ. ಗೂಡಿನಲ್ಲಿಟ್ಟರೆ ಮೂರೂ ಕಡೆ ಕಲ್ಲು. ರೂಟರ್ ಎರಡು ವೈಫೈ ಹೆಸರು ತೋರಿಸುತ್ತಿದ್ದರೆ ಅಡುಗೆಮನೆಯಲ್ಲಿ 2.4 ಗಿಗಾಹರ್ಟ್ಸ್‌ನ ಹೆಸರಿಗೆ ಕೂಡಿಕೊಳ್ಳಿ, 5 ಗಿಗಾಹರ್ಟ್ಸ್ ವೇಗದ್ದಾದರೂ ಗೋಡೆ ಕಂಡರೆ ಸುಸ್ತಾಗುತ್ತದೆ. ಅದಕ್ಕೂ ಆಗದಿದ್ದರೆ ಒಂದು ಕೇಬಲ್ ಎಳೆದು ಒಳಗೆ ಇನ್ನೊಂದು ರೂಟರ್ ಇಡಿ. ಇಟ್ಟ ದಿನವೇ ಅದರ ವಿಳಾಸವನ್ನು ವಹಿಯಲ್ಲಿ ಬರೆಯಿರಿ, ಬನಹಟ್ಟಿಯವರಂತೆ ನನಗೆ ಬರೆಯಬೇಡಿ.

ಪ್ರಶ್ನೆ: ಪಕ್ಕದ ಮನೆಯವರ ರೂಟರಿನ ಪುಟ ನಮ್ಮ ಮನೆಯಿಂದಲೇ ತೆರೆಯುವ ಉಪಾಯ ಇದೆಯೇ? (ಹೆಸರು, ಊರು ಬೇಡ ಎಂದಿದ್ದಾರೆ)

ಇದೆ. ಎದ್ದು ಹೋಗಿ ಅವರ ಬಾಗಿಲು ಬಡಿದು, ಏಕೆ ಬೇಕು ಎಂದು ಅವರಿಗೇ ಹೇಳಿ.