ಅಡಿಕೆ ಧಾರಣೆಯ ಜಾಲತಾಣಕ್ಕೆ ಮೈಐಸ್ಯಾಮೋ, ಇನ್ನೋಡಿಬಿಯೋ?

ಸಾಗರದ ಕಚೇರಿಯಲ್ಲೇ ಇಟ್ಟ ಸರ್ವರ್‌ನಲ್ಲಿ ವರ್ಡ್‌ಪ್ರೆಸ್ ಇದೆ, ಅದರ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಹಳೆಯ ಟೇಬಲ್‌ಗಳೆಲ್ಲ ಮೈಐಸ್ಯಾಮ್ ಎಂಜಿನ್‌ನಲ್ಲಿವೆ (ಎಂಜಿನ್ ಎಂದರೆ ಟೇಬಲ್‌ನ ಮಾಹಿತಿಯನ್ನು ಉಳಿಸಿ ಓದಿಕೊಡುವ ಭಾಗ), ಇನ್ನೋಡಿಬಿ ಎಂಜಿನ್‌ಗೆ ಬದಲಿಸಬೇಕೇ ಎಂದು ಕೇಳಿದ್ದೀರಿ. ಬದಲಿಸಿ, ಅದೂ ಮಳೆಗಾಲಕ್ಕೆ ಮುಂಚೆ.

ಮಲೆನಾಡಿನಲ್ಲಿ ಮೊದಲ ಕಾರಣ ಕರೆಂಟು. ಗಾಳಿಮಳೆಗೆ ಮರ ಬಿದ್ದು ಲೈನ್ ಹೋಗಿ, ಯುಪಿಎಸ್ಸೂ ಕೈಕೊಟ್ಟರೆ ಸರ್ವರ್ ಬರೆಯುತ್ತಿರುವಾಗಲೇ ಆರುತ್ತದೆ. ಮೈಐಸ್ಯಾಮ್‌ಗೆ ಚೇತರಿಕೆಯ ಲಾಗ್ (ಬದಲಾವಣೆಗಳನ್ನು ಬರೆದಿಡುವ ಕಡತ) ಇಲ್ಲ. ಇಂಡೆಕ್ಸ್ (ದಾಖಲೆ ಬೇಗ ಹುಡುಕಲು ಇರುವ ಸೂಚಿ) ಅರ್ಧಕ್ಕೇ ನಿಂತು ಟೇಬಲ್ 'ಕ್ರ್ಯಾಶ್ಡ್' ಎನ್ನುತ್ತದೆ; ಆಗ ರಿಪೇರ್ ಟೇಬಲ್ ಎಂಬ ಆದೇಶ ಓಡಿಸಬೇಕು, ಆದರೂ ಕೆಲವು ದಾಖಲೆ ಕಳೆದುಹೋಗಬಹುದು. ಇನ್ನೋಡಿಬಿ ಬದಲಾವಣೆಯನ್ನು ಮೊದಲು ರೀಡೂ ಲಾಗ್‌ಗೆ ಬರೆದಿಡುವುದರಿಂದ ಮತ್ತೆ ಚಾಲೂ ಆದಾಗ ತಾನೇ ಸರಿಮಾಡಿಕೊಳ್ಳುತ್ತದೆ.

ಇನ್ನೊಂದು ಲಾಕಿನ ವಿಷಯ. ಸಂಜೆ ರಾಶಿ, ಬೆಟ್ಟೆ, ಗೊರಬಲು ದರ ಹಾಕಿದ ಕೂಡಲೇ ಎಲ್ಲರೂ ಅದೇ ಪುಟ ತೆರೆಯುತ್ತಾರೆ. ಓದುಗರ ಎಣಿಕೆಯ ಪ್ಲಗಿನ್ ಇದ್ದರೆ ಪ್ರತಿ ಭೇಟಿಗೂ ಒಂದು ಅಪ್‌ಡೇಟ್. ಅಷ್ಟಕ್ಕೇ ಮೈಐಸ್ಯಾಮ್ ಇಡೀ ಟೇಬಲ್ ಲಾಕ್ ಮಾಡಿ ಉಳಿದವರನ್ನು ಕಾಯಿಸುತ್ತದೆ; ಇನ್ನೋಡಿಬಿ ಆ ಒಂದು ದಾಖಲೆಯನ್ನಷ್ಟೇ ಹಿಡಿಯುತ್ತದೆ.

ಫುಲ್‌ಟೆಕ್ಸ್ಟ್ ಹುಡುಕಾಟಕ್ಕೆ (ಬರಹದೊಳಗಿನ ಪದಗಳನ್ನು ಹುಡುಕುವುದಕ್ಕೆ) ಮೈಐಸ್ಯಾಮೇ ಬೇಕು ಎನ್ನುವುದು ಹಳೆಯ ಮಾತು. ಮೈಎಸ್‌ಕ್ಯೂಎಲ್ 5.6ರಿಂದ ಇನ್ನೋಡಿಬಿಯಲ್ಲೂ ಅದಿದೆ.

ಮೊದಲು ಡಂಪ್ (ಇಡೀ ಡೇಟಾಬೇಸ್‌ನ ಪ್ರತಿ) ತೆಗೆದು, ಬೇರೆ ಯಂತ್ರದಲ್ಲಿ ಏರಿಸಿ ನೋಡಿ. ಆಮೇಲೆ ಒಂದೊಂದೇ ಟೇಬಲ್‌ಗೆ ಆಲ್ಟರ್ ಟೇಬಲ್ ಆದೇಶ ಕೊಟ್ಟು ಎಂಜಿನ್ ಬದಲಿಸಿ. ಇದು ಟೇಬಲ್‌ನ ಹೊಸ ಪ್ರತಿಯನ್ನೇ ಕಟ್ಟುವುದರಿಂದ ಡಿಸ್ಕ್‌ನಲ್ಲಿ ಅಷ್ಟು ಜಾಗ ಖಾಲಿ ಇರಲಿ. ಇನ್ನೋಡಿಬಿ ಮಾಹಿತಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ, ಅಂದರೆ ಬಫರ್ ಪೂಲ್, ಮೂಲದಲ್ಲಿ 128 ಎಂಬಿ. 4 ಜಿಬಿ ರ‍್ಯಾಮ್ ಇದ್ದು ಪಿಎಚ್‌ಪಿಯೂ ಅಲ್ಲೇ ಓಡುತ್ತಿದ್ದರೆ 1 ಜಿಬಿ ಕೊಡಿ. ಕಮಿಟ್ ಆದಾಗ (ಬದಲಾವಣೆ ಖಾಯಂ ಆದಾಗ) ಲಾಗ್ ಡಿಸ್ಕ್‌ಗೆ ಇಳಿಸುವ ಸೆಟ್ಟಿಂಗ್ (innodb_flush_log_at_trx_commit) 1ರಲ್ಲೇ ಇರಲಿ. ವೇಗಕ್ಕೆಂದು 2 ಮಾಡಿದರೆ ಕರೆಂಟು ಹೋದಾಗ ಕೊನೆಯ ಸೆಕೆಂಡಿನ ಬರಹ ಹೋಗಬಹುದು.