ಕಾರ್ಟರ್ ಅವರನ್ನು ಮನೆಯವರೇ ಸೋಲಿಸಿದರೇ?

ಹಾಸನದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಮಗೆ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಬಗ್ಗೆ ನಾವು ಪ್ರಕಟಿಸಿದ್ದ ಲೇಖನ ಓದಿ ಬರೆದ ಪತ್ರ ಅದು. ಅವರು ಕೇಳಿರುವುದು ಇಷ್ಟು: "ಕಾರ್ಟರ್ ಸಜ್ಜನ, ಈಜಿಪ್ಟ್ ಮತ್ತು ಇಸ್ರೇಲ್ ನಡುವೆ ರಾಜಿ ಮಾಡಿಸಿದವರು ಎಂದೆಲ್ಲ ಬರೆದಿರಿ. ಒಪ್ಪಿದೆ. ಅಂಥವರು 1980ರಲ್ಲಿ ಅಷ್ಟು ಹೀನಾಯವಾಗಿ ಸೋತಿದ್ದೇಕೆ? ಅವರದೇ ಪಕ್ಷದ ಟೆಡ್ ಕೆನಡಿ ಬೆನ್ನಿಗೆ ಚೂರಿ ಹಾಕಿದ್ದರಿಂದ ಅಲ್ವಾ? ಆ ಒಳಜಗಳವನ್ನು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ."

ಮೇಷ್ಟ್ರೇ, ಒಂದೇ ವಾಕ್ಯದಲ್ಲಿ ದಾಟಿದ್ದು ತಪ್ಪು. ಒಪ್ಪಿಕೊಳ್ಳುತ್ತೇನೆ. ಅದಕ್ಕೇ ಈ ಉತ್ತರ ಉದ್ದವಾಗಿದೆ. ಆದರೆ ಚೂರಿಯ ಮಾತನ್ನು ನಾನು ಒಪ್ಪುವುದಿಲ್ಲ. ಹಿಂದಿನ ಅಧ್ಯಕ್ಷ ಜಾನ್ ಕೆನಡಿಯವರ ತಮ್ಮ, ಸೆನೆಟರ್ ಟೆಡ್ ಕೆನಡಿ ಪಕ್ಷದ ಅಭ್ಯರ್ಥಿಯಾಗಲು ಕಣಕ್ಕಿಳಿಯುವ ಹೊತ್ತಿಗೆ ಕಾರ್ಟರ್ ಮತ್ತು ಅವರ ಪಕ್ಷದ ನಡುವಿನ ಗಂಟು ಆಗಲೇ ಸಡಿಲವಾಗಿತ್ತು. ಮೊದಲಿನಿಂದಲೂ ಅದನ್ನು ಯಾರೂ ಬಿಗಿಯಾಗಿ ಕಟ್ಟಿರಲೇ ಇಲ್ಲ ಎಂದರೆ ಇನ್ನೂ ಸರಿ.

1976ಕ್ಕೆ ಹೋಗೋಣ. ಕಾರ್ಟರ್ ಜಾರ್ಜಿಯಾದ ಕಡಲೆಕಾಯಿ ಬೆಳೆಗಾರ. ಒಂದೇ ಅವಧಿಗೆ ಅಲ್ಲಿನ ಗವರ್ನರ್ ಆಗಿದ್ದವರು. ಅಧ್ಯಕ್ಷ ನಿಕ್ಸನ್ ಹುದ್ದೆ ಬಿಡುವಂತೆ ಮಾಡಿದ ವಾಟರ್‌ಗೇಟ್ ಹಗರಣದಿಂದ ಬೇಸತ್ತಿದ್ದ ಜನರ ಮುಂದೆ ನಿಂತು, ನಾನು ವಾಷಿಂಗ್ಟನ್ನಿನವನಲ್ಲ, ನಿಮಗೆ ಸುಳ್ಳು ಹೇಳುವುದಿಲ್ಲ ಎಂದರು. ಜನ ನಂಬಿದರು. ಶೇ. 50.1 ಮತ ಬಂತು. ಅಧ್ಯಕ್ಷರು ಯಾರೆಂದು ಕೊನೆಗೆ ತೀರ್ಮಾನಿಸುವ, ರಾಜ್ಯವಾರು ಹಂಚಿದ ಎಲೆಕ್ಟೋರಲ್ ಮತಗಳಲ್ಲಿ 297, ಎದುರಾಳಿ ಫೋರ್ಡ್ ಅವರಿಗೆ 240. ಕೆಳಮನೆಯ 435 ಸ್ಥಾನಗಳಲ್ಲಿ 292 ಅವರ ಡೆಮಾಕ್ರಟಿಕ್ ಪಕ್ಷದ್ದೇ ಆದವು. ಸೆನೆಟ್‌ನಲ್ಲೂ ದೊಡ್ಡ ಬಹುಮತ. ಹೊರಗಿನಿಂದ ನೋಡಿದರೆ ಇಷ್ಟು ಭದ್ರವಾದ ಸರ್ಕಾರ ಇನ್ನೊಂದಿಲ್ಲ.

ಆದರೆ ಆ 292 ಮಂದಿಯಲ್ಲಿ ಕಾರ್ಟರ್ ಹೆಸರಿನಿಂದ ಗೆದ್ದೆವು ಎಂದುಕೊಂಡವರು ತೀರಾ ಕಡಿಮೆ. ಎಷ್ಟೋ ಜನ ತಮ್ಮ ತಮ್ಮ ಕ್ಷೇತ್ರಗಳಲ್ಲಿ ಅವರಿಗಿಂತ ಜಾಸ್ತಿ ಮತ ತೆಗೆದುಕೊಂಡಿದ್ದರು. ಅವರಿಗೆ ಕಾರ್ಟರ್ ಋಣ ಇರಲಿಲ್ಲ. ಪಕ್ಷದ ದೊಡ್ಡವರ ಬಾಗಿಲು ತಟ್ಟದೆ ಗೆದ್ದ ಕಾರ್ಟರ್ ಅವರಿಗೂ ಪಕ್ಷದ ಋಣ ಇದ್ದಂತೆ ಅನಿಸಲಿಲ್ಲ.

ಒಂದು ಸಣ್ಣ ಘಟನೆ ಹೇಳುತ್ತೇನೆ. ಕೆಳಮನೆಯ ಸ್ಪೀಕರ್ ಟಿಪ್ ಓನೀಲ್, ಪಕ್ಷದ ಹಳೆಯ ತಲೆ. ಕಾರ್ಟರ್ ಪದಗ್ರಹಣದ ಸಂದರ್ಭದ ಸಂಭ್ರಮಕ್ಕೆ ತಮ್ಮ ಮನೆಯವರಿಗೂ ಸ್ನೇಹಿತರಿಗೂ ಟಿಕೆಟ್ ಕೇಳಿದ್ದರು. ಸಿಕ್ಕಿದ್ದು ಬಾಲ್ಕನಿಯ ಹಿಂದಿನ ಸಾಲು. ಮುಂದೆ ಓನೀಲ್ ಅವರೇ ಇದನ್ನು ನೋವಿನಿಂದ ಹೇಳಿಕೊಂಡಿದ್ದಾರೆ. ಕಾರ್ಟರ್ ಅವರ ಬಲಗೈಯಾಗಿದ್ದ ಹ್ಯಾಮಿಲ್ಟನ್ ಜೋರ್ಡನ್ ಮೇಲೆ ಅವರಿಗೆ ಆ ಸಿಟ್ಟು ಹೋಗಲೇ ಇಲ್ಲ. ಮದುವೆಮನೆಯಲ್ಲಿ ಹಿರಿಯರನ್ನು ಮೂಲೆಯಲ್ಲಿ ಕೂರಿಸಿದರೆ ಏನಾಗುತ್ತದೆ ಎಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದು ಸಣ್ಣದಾಯಿತು. ದೊಡ್ಡದು ಅಣೆಕಟ್ಟೆಗಳ ವಿಷಯ. ಅಧಿಕಾರಕ್ಕೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಇಪ್ಪತ್ತರ ಹತ್ತಿರ ನೀರಾವರಿ, ಅಣೆಕಟ್ಟೆ ಕಾಮಗಾರಿಗಳನ್ನು ದುಂದುವೆಚ್ಚ ಎಂದು ಕೈಬಿಡಲು ಕಾರ್ಟರ್ ಹೊರಟರು. ಲೆಕ್ಕ ಅವರದೇ ಸರಿ. ಎಂಜಿನಿಯರಿಂಗ್ ಓದಿದ್ದ ಅವರು ಕಡತಗಳನ್ನು ತಾವೇ ಓದಿ ತೀರ್ಮಾನಿಸಿದ್ದರು. ಆದರೆ ಆ ಕಾಮಗಾರಿಗಳು ಯಾರ ಕ್ಷೇತ್ರದಲ್ಲಿದ್ದವೋ ಆ ಸದಸ್ಯರಿಗೆ ಸುದ್ದಿ ಪತ್ರಿಕೆಗಳಿಂದ ತಿಳಿಯಿತು! ಅವರಲ್ಲಿ ಬಹಳಷ್ಟು ಜನ ಸ್ವಂತ ಪಕ್ಷದವರು. ಊರಿಗೆ ಹೋಗಿ ಜನರಿಗೆ ಮುಖ ತೋರಿಸಬೇಕಾದವರು. ಒಂದು ಫೋನ್ ಮಾಡಿ, "ನಿಮ್ಮ ಕೆರೆಗೆ ದುಡ್ಡು ಕೊಡಲು ಆಗುವುದಿಲ್ಲ, ಬದಲಿಗೆ ಇನ್ನೇನು ಬೇಕು ಹೇಳಿ" ಎಂದಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತಿತ್ತು. ಕಾರ್ಟರ್‌ಗೆ ಅಂಥ ಮಾತುಕತೆ ಕೊಡುಕೊಳ್ಳುವಿಕೆಯಂತೆ, ಹೊಲಸು ಕೆಲಸದಂತೆ ಕಾಣುತ್ತಿತ್ತು. ನನಗೆ ಅವರ ಮೇಲೆ ಗೌರವ ಇದೆ, ಆದರೆ ಇಲ್ಲಿ ಅವರು ತಪ್ಪಿದರು.

ಇನ್ನು ಕೆನಡಿ ವಿಷಯ. ಅವರಿಬ್ಬರ ಜಗಳ ಬರೀ ಕುರ್ಚಿಗಾಗಿ ಅಲ್ಲ, ಮೇಷ್ಟ್ರೇ. ಇದನ್ನು ನೀವು ಗಮನಿಸಬೇಕು. ಎಲ್ಲರಿಗೂ ಆರೋಗ್ಯ ವಿಮೆ ಕೊಡಿಸುವುದು ಕೆನಡಿ ಅವರ ಬಹುಕಾಲದ ಆಸೆ. ಕಾರ್ಮಿಕ ಸಂಘಗಳು ಅವರ ಬೆನ್ನಿಗಿದ್ದವು. ಕಾರ್ಟರ್ ಕೂಡ ಚುನಾವಣೆಯಲ್ಲಿ ಅದರ ಪರ ಮಾತನಾಡಿದ್ದವರೇ. ಆದರೆ ಬೆಲೆ ಏರುತ್ತಿರುವಾಗ ಅಷ್ಟು ಖರ್ಚು ಬೇಡ, ಹಂತ ಹಂತವಾಗಿ ಮಾಡೋಣ ಎಂದರು. 1978ರಲ್ಲಿ ಇಬ್ಬರ ದಾರಿ ಬೇರೆಯಾಯಿತು. ಆ ಡಿಸೆಂಬರ್‌ನಲ್ಲಿ ಮೆಂಫಿಸ್ ನಗರದಲ್ಲಿ ಪಕ್ಷದ ಸಮಾವೇಶ ನಡೆಯಿತು. ಪಕ್ಷ ಕೆಲವೊಮ್ಮೆ ಗಾಳಿಗೆ ಎದುರಾಗಿಯೂ ಹಾಯಿ ಬಿಚ್ಚಬೇಕು ಎಂದು ಕೆನಡಿ ಅಲ್ಲಿ ಗುಡುಗಿದರು. ಸಭೆ ಎದ್ದು ನಿಂತಿತು. ಅಧ್ಯಕ್ಷರ ಭಾಷಣಕ್ಕೆ ಬಂದ ಚಪ್ಪಾಳೆ ಮಾತ್ರ ಮರ್ಯಾದೆಗೆ ತಟ್ಟಿದಂತಿತ್ತು. ಬಡವರಿಗೂ ಕಾರ್ಮಿಕರಿಗೂ ಸರ್ಕಾರ ಖರ್ಚು ಮಾಡಬೇಕು ಎನ್ನುವವರು ಒಂದು ಕಡೆ. ಮೊದಲು ಕೈ ಬಿಗಿ ಹಿಡಿಯೋಣ ಎನ್ನುವವರು ಇನ್ನೊಂದು ಕಡೆ. ಎತ್ತು ಏರಿಗೆ, ಕೋಣ ನೀರಿಗೆ.

ಅಷ್ಟರಲ್ಲಿ ಎಣ್ಣೆ ಕೈಕೊಟ್ಟಿತು. ಇರಾನ್‌ನಲ್ಲಿ ಕ್ರಾಂತಿಯಾಗಿ, 1979ರಲ್ಲಿ ಕಚ್ಚಾ ತೈಲದ ಬೆಲೆ ಒಂದೇ ಸಮನೆ ಏರಿತು. ನಾನಾಗ ಹೈಸ್ಕೂಲ್ ಹುಡುಗ. ಸೀಮೆಎಣ್ಣೆಗೆ ಡಬ್ಬ ಹಿಡಿದು ನ್ಯಾಯಬೆಲೆ ಅಂಗಡಿ ಮುಂದೆ ನಿಂತಿದ್ದು ಚೆನ್ನಾಗಿ ನೆನಪಿದೆ. ಅದೇ ಬೇಸಿಗೆಯಲ್ಲಿ ಅಮೆರಿಕದವರೂ ಪೆಟ್ರೋಲ್ ಬಂಕ್ ಮುಂದೆ ಗಂಟೆಗಟ್ಟಲೆ ಕಾರು ನಿಲ್ಲಿಸಿ ಕಾಯುತ್ತಿದ್ದರು ಎಂದು ಆಗ ನನಗೆ ಗೊತ್ತಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ ನಂಬರ್ ಪ್ಲೇಟಿನ ಕೊನೆಯ ಅಂಕಿ ಸಮವೋ ಬೆಸವೋ ನೋಡಿ ದಿನ ಬಿಟ್ಟು ದಿನ ಪೆಟ್ರೋಲ್ ಹಾಕುತ್ತಿದ್ದರು. ಆ ವರ್ಷದ ಹಣದುಬ್ಬರ ಶೇ. 11 ದಾಟಿತು, ಮರುವರ್ಷ ಶೇ. 13.5. ಅಧಿಕಾರಕ್ಕೆ ಬಂದ ಹೊಸದರಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ಕಾರ್ಟರ್ ಅವರನ್ನು ಮೆಚ್ಚಿದವರು ಶೇ. 75. 1979ರ ಜುಲೈ ಹೊತ್ತಿಗೆ ಅದು 28ಕ್ಕೆ ಇಳಿದಿತ್ತು.

ಆಗ ಕಾರ್ಟರ್ ಏನು ಮಾಡಿದರು ಗೊತ್ತೇ? ಟಿವಿಯಲ್ಲಿ ಮಾಡಬೇಕಿದ್ದ ಭಾಷಣವನ್ನು ರದ್ದು ಮಾಡಿ ಅಧ್ಯಕ್ಷರ ವಿಶ್ರಾಂತಿಧಾಮವಾದ ಕ್ಯಾಂಪ್ ಡೇವಿಡ್ ಬೆಟ್ಟಕ್ಕೆ ಹೋಗಿ ಕುಳಿತರು. ಹತ್ತು ದಿನ ಜನರನ್ನು ಕರೆಸಿ ಕರೆಸಿ, ನನ್ನ ತಪ್ಪು ಏನು ಹೇಳಿ ಎಂದು ಕೇಳಿದರು. ಅವರು ಹೇಳಿದ್ದನ್ನು ಬರೆದುಕೊಂಡರು. ಜುಲೈ 15ರ ರಾತ್ರಿ ದೇಶದ ಮುಂದೆ ಬಂದು, ತಮ್ಮ ಮೇಲಿನ ಆ ಟೀಕೆಗಳನ್ನೇ ಓದಿ ಹೇಳಿದರು. ನಮ್ಮ ಕಷ್ಟ ಬರೀ ಪೆಟ್ರೋಲಿನದಲ್ಲ, ನಮ್ಮ ಮೇಲೆ ನಮಗೇ ನಂಬಿಕೆ ಹೋಗಿದೆ, ವಸ್ತುಗಳನ್ನು ಕೊಳ್ಳುವುದೇ ಬಾಳು ಎಂದುಕೊಂಡಿದ್ದೇವೆ ಎಂದರು. ಯಾವ ಅಧ್ಯಕ್ಷ ಹೀಗೆ ಮಾತನಾಡುತ್ತಾನೆ! ನನ್ನ ಮಟ್ಟಿಗೆ ಅದು ಧೈರ್ಯದ ಭಾಷಣ. ಜನರಿಗೂ ಮೊದಲು ಹಾಗೇ ಅನಿಸಿತು. ಮೆಚ್ಚುಗೆ ಹತ್ತು ಪಾಯಿಂಟ್‌ನಷ್ಟು ಏರಿತು.

ಎರಡೇ ದಿನ. ಆಮೇಲೆ ಸಂಪುಟದ ಎಲ್ಲರಿಂದ ರಾಜೀನಾಮೆ ಕೇಳಿದರು. ಐದು ಮಂದಿಯ ಸ್ಥಾನ ಹೋಯಿತು. ಮನೆಗೆ ಹೋದವರಲ್ಲಿ ಆರೋಗ್ಯ ಮತ್ತು ಶಿಕ್ಷಣ ನೋಡಿಕೊಳ್ಳುತ್ತಿದ್ದ ಜೋಸೆಫ್ ಕಾಲಿಫಾನೋ ಒಬ್ಬರು. ಪಕ್ಷದ ಹಳಬರಿಗೆ ಬೇಕಾದವರು. ಸರ್ಕಾರವೇ ಬೀಳುತ್ತಿದೆಯೇನೋ ಎಂದು ಜನ ಗಾಬರಿಯಾದರು. ಏರಿದ ಪಾಯಿಂಟ್ ಎಲ್ಲ ಇಳಿದುಹೋಯಿತು.

ಆ ಜುಲೈ 15 ನಮಗೂ ಮರೆಯುವ ದಿನವಲ್ಲ. ಮೊರಾರ್ಜಿ ದೇಸಾಯಿ ಪ್ರಧಾನಿ ಹುದ್ದೆಗೆ ರಾಜೀನಾಮೆ ಕೊಟ್ಟಿದ್ದು ಅದೇ ತಾರೀಕು. ಒಂದೂವರೆ ವರ್ಷದ ಹಿಂದೆ, 1978ರ ಜನವರಿಯಲ್ಲಿ, ಇದೇ ಕಾರ್ಟರ್ ದೆಹಲಿಗೆ ಬಂದು ಅವರ ಪಕ್ಕದಲ್ಲಿ ನಿಂತಿದ್ದರು. ಜನತಾ ಪಕ್ಷ ಒಡೆದಿದ್ದರ ಕಾರಣಗಳು ಬೇರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಲಾರೆ. ಆದರೂ ಆ ತಾರೀಕನ್ನು ನೋಡಿದಾಗಲೆಲ್ಲ ಮನಸ್ಸಿಗೆ ಏನೋ ತಾಗುತ್ತದೆ.

ಈಗ ನೀವು ಹೇಳುವ ಚೂರಿಗೆ ಬರೋಣ. ಆ ಬೇಸಿಗೆಯ ಸಮೀಕ್ಷೆಗಳಲ್ಲಿ ಡೆಮಾಕ್ರಟಿಕ್ ಪಕ್ಷದ ಮತದಾರರು ಕಾರ್ಟರ್‌ಗಿಂತ ಕೆನಡಿ ಅವರನ್ನು ಎರಡು ಪಟ್ಟಿಗೂ ಜಾಸ್ತಿ ಬಯಸುತ್ತಿದ್ದರು. ತಾವೆಲ್ಲಿ ಮುಳುಗುತ್ತೇವೋ ಎಂಬ ಹೆದರಿಕೆಗೆ ಪಕ್ಷದ ಎಷ್ಟೋ ಸದಸ್ಯರೇ ಕೆನಡಿ ಹತ್ತಿರ ಹೋಗಿ, ಚುನಾವಣೆಗೆ ನಿಲ್ಲಿ ಎಂದು ಒತ್ತಾಯಿಸಿದರು. ಅಂದರೆ ಮೊದಲು ಜನಪ್ರಿಯತೆ ಕುಸಿಯಿತು, ಆಮೇಲೆ ಬಂಡಾಯ ಎದ್ದಿತು. 1968ರಲ್ಲಿ ಅಧ್ಯಕ್ಷ ಜಾನ್ಸನ್ ವಿರುದ್ಧ ಅವರದೇ ಪಕ್ಷದ ಮೆಕಾರ್ಥಿ ನಿಂತಿದ್ದೂ ವಿಯೆಟ್ನಾಂ ಯುದ್ಧದಿಂದ ಜನ ರೋಸಿಹೋದ ಮೇಲೇ.

ಕೆನಡಿ ಸ್ಪರ್ಧೆ ಘೋಷಿಸಿದ್ದು 1979ರ ನವೆಂಬರ್ 7ರಂದು. ಮೂರು ದಿನ ಮೊದಲು ಅವರ ಟಿವಿ ಸಂದರ್ಶನ ಪ್ರಸಾರವಾಗಿತ್ತು. ನೀವು ಅಧ್ಯಕ್ಷರಾಗಬೇಕು ಅಂತ ಯಾಕೆ ಬಯಸುತ್ತೀರಿ ಎಂಬ ಸರಳ ಪ್ರಶ್ನೆಗೆ ಅವರು ತಡವರಿಸಿದರು. ಅದೇ ನವೆಂಬರ್ 4ರಂದು ಇರಾನಿನ ರಾಜಧಾನಿ ತೆಹರಾನ್‌ನಲ್ಲಿ ವಿದ್ಯಾರ್ಥಿಗಳು ಅಮೆರಿಕದ ರಾಯಭಾರ ಕಚೇರಿಗೆ ನುಗ್ಗಿ ಅಲ್ಲಿದ್ದವರನ್ನು ಒತ್ತೆ ಇಟ್ಟುಕೊಂಡರು. ದೇಶ ತನ್ನ ಅಧ್ಯಕ್ಷರ ಹಿಂದೆ ಬಂದು ನಿಂತಿತು. ಕೆಲವೇ ವಾರಗಳಲ್ಲಿ ಮೆಚ್ಚುಗೆ ಶೇ. 58ರ ಹತ್ತಿರ. ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಒಂದೊಂದೇ ರಾಜ್ಯದಲ್ಲಿ ಪಕ್ಷದವರು ಆರಿಸುವ ಸರಣಿ ಜನವರಿಯಲ್ಲಿ ಅಯೋವಾ ರಾಜ್ಯದಲ್ಲಿ ಶುರುವಾಯಿತು. ಅಲ್ಲಿ ಕಾರ್ಟರ್‌ಗೆ ಶೇ. 59, ಕೆನಡಿಗೆ ಶೇ. 31. ಮುಗಿಯಿತು ಎಂದುಕೊಂಡರು ಎಲ್ಲ.

ಮುಗಿಯಲಿಲ್ಲ. ಒತ್ತೆಯಾಳುಗಳು ಬಿಡುಗಡೆಯಾಗಲಿಲ್ಲ, ಬೆಲೆ ಇಳಿಯಲಿಲ್ಲ. ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಇಸ್ರೇಲ್ ವಿರುದ್ಧದ ಒಂದು ನಿರ್ಣಯಕ್ಕೆ ಅಮೆರಿಕ ಮತ ಹಾಕಿತು. ಆಮೇಲೆ ಕಾರ್ಟರ್, ಅದು ತಪ್ಪಾಗಿ ಹಾಕಿದ ಮತ ಎಂದರು. ನ್ಯೂಯಾರ್ಕಿನ ಯಹೂದಿ ಮತದಾರರು ಮುನಿದರು. ಅಲ್ಲಿ ಕೆನಡಿ 59ಕ್ಕೆ 41ರಿಂದ ಗೆದ್ದರು. ಏಪ್ರಿಲ್‌ನಲ್ಲಿ ಒತ್ತೆಯಾಳುಗಳನ್ನು ಬಿಡಿಸಲು ಕಳಿಸಿದ ಪಡೆ ಇರಾನಿನ ಮರುಭೂಮಿಯಿಂದಲೇ ವಾಪಸಾಗಬೇಕಾಯಿತು. ಎಂಟು ಯೋಧರು ಸತ್ತರು. ಆ ಕಾರ್ಯಾಚರಣೆಯನ್ನು ಮೊದಲೇ ವಿರೋಧಿಸಿದ್ದ ವಿದೇಶಾಂಗ ಸಚಿವ ಸೈರಸ್ ವ್ಯಾನ್ಸ್ ರಾಜೀನಾಮೆ ಕೊಟ್ಟರು. ಜೂನ್ 3ರಂದು ಕೊನೆಯ ಎಂಟು ರಾಜ್ಯಗಳ ಪ್ರೈಮರಿ, ಅಂದರೆ ಅಭ್ಯರ್ಥಿಯನ್ನು ಆರಿಸುವ ಪಕ್ಷದೊಳಗಿನ ಮತದಾನ, ನಡೆಯಿತು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಸೇರಿ ಐದನ್ನು ಕೆನಡಿ ಗೆದ್ದರು. ಆದರೆ ಮಹಾಧಿವೇಶನದಲ್ಲಿ ಅಭ್ಯರ್ಥಿಯನ್ನು ಅಂತಿಮಗೊಳಿಸುವ ಪ್ರತಿನಿಧಿಗಳ ಲೆಕ್ಕದಲ್ಲಿ ಕಾರ್ಟರ್ ಆಗಲೇ ಗೆರೆ ದಾಟಿದ್ದರು.

ಕೆನಡಿ ಮೇಲೆ ನನ್ನ ದೂರು ಇರುವುದು ಇಲ್ಲಿ. ಅಂದೇ ಅವರು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಆಗಸ್ಟ್‌ನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಪಕ್ಷದ ಮಹಾಧಿವೇಶನದವರೆಗೂ ಎಳೆದರು. ಪ್ರತಿನಿಧಿಗಳು ತಾವು ಯಾರ ಪರವಾಗಿ ಗೆದ್ದುಬಂದರೋ ಆ ಅಭ್ಯರ್ಥಿಗೇ ಮತ ಹಾಕಬೇಕು ಎಂಬ ನಿಯಮವನ್ನು ತೆಗೆಸಲು ನೋಡಿದರು. ಅದರಲ್ಲೂ ಸೋತರು. ಮರುದಿನ ಅವರು ಮಾಡಿದ ಭಾಷಣವನ್ನು ಇವತ್ತಿಗೂ ಜನ ನೆನೆಯುತ್ತಾರೆ. ಸಭೆ ಅರ್ಧ ಗಂಟೆಯಷ್ಟು ಹೊತ್ತು ಕುಣಿದಾಡಿತು. ಕೊನೆಯ ರಾತ್ರಿ ವೇದಿಕೆಗೆ ಬಂದರೂ ಒಗ್ಗಟ್ಟಿನ ಗುರುತಾಗಿ ಕಾರ್ಟರ್ ಕೈಯನ್ನು ಮೇಲೆತ್ತಿ ಹಿಡಿಯಲಿಲ್ಲ. ಸುಮ್ನೆ ಕೈಕುಲುಕಿ ಪಕ್ಕಕ್ಕೆ ಸರಿದರು. ಅಧ್ಯಕ್ಷರು ಅವರ ಹಿಂದೆ ಹಿಂದೆ ಹೋಗುವುದನ್ನು ಇಡೀ ದೇಶ ನೋಡಿತು. ಅದು ನೋಡುವ ದೃಶ್ಯವಾಗಿರಲಿಲ್ಲ.

ಆದರೂ ಲೆಕ್ಕ ಹಾಕಿ ನೋಡಿ, ಮೇಷ್ಟ್ರೇ. ನವೆಂಬರ್‌ನಲ್ಲಿ ರಿಪಬ್ಲಿಕನ್ ಪಕ್ಷದ ಎದುರಾಳಿ ರೊನಾಲ್ಡ್ ರೇಗನ್‌ಗೆ ಶೇ. 50.7, ಕಾರ್ಟರ್‌ಗೆ ಶೇ. 41. ಸ್ವತಂತ್ರವಾಗಿ ನಿಂತ ಜಾನ್ ಆಂಡರ್‌ಸನ್‌ಗೆ ಶೇ. 6.6. ಆಂಡರ್‌ಸನ್ ಮತಗಳನ್ನೆಲ್ಲ ಒಂದೂ ಬಿಡದೆ ಕಾರ್ಟರ್ ಬುಟ್ಟಿಗೆ ಹಾಕಿದರೂ 48 ಮುಟ್ಟುವುದಿಲ್ಲ. ಎಲೆಕ್ಟೋರಲ್ ಮತ 489ಕ್ಕೆ 49. ಕಾರ್ಖಾನೆ ಊರುಗಳ ಕಾರ್ಮಿಕರು, ದಕ್ಷಿಣದ ಬಿಳಿಯರು ಎದ್ದು ಆಚೆ ಹೋಗಿದ್ದರು. ಅವರನ್ನು ಕಳಿಸಿದ್ದು ಕೆನಡಿ ಅಲ್ಲ. ದಿನಸಿ ಬೆಲೆ, ಸಾಲದ ಬಡ್ಡಿ, ತೆಹರಾನ್.

ಬಡ್ಡಿ ಎಂದಾಗ ಒಂದು ಮಾತು ಹೇಳಲೇಬೇಕು. 1979ರ ಆಗಸ್ಟ್‌ನಲ್ಲಿ ಕೇಂದ್ರ ಬ್ಯಾಂಕಿನ ಮುಖ್ಯಸ್ಥರನ್ನಾಗಿ ಪಾಲ್ ವೋಲ್ಕರ್ ಅವರನ್ನು ನೇಮಿಸಿದ್ದು ಕಾರ್ಟರ್. ಬಡ್ಡಿ ಏರಿಸಿ ಬೆಲೆ ಇಳಿಸುವ ಮನುಷ್ಯ ಇವರು ಎಂದು ಗೊತ್ತಿದ್ದೂ ನೇಮಿಸಿದರು. ಚುನಾವಣೆಯ ವರ್ಷದಲ್ಲೇ ಬ್ಯಾಂಕುಗಳ ಬಡ್ಡಿ ಶೇ. 20 ಮುಟ್ಟಿತು. ಮದ್ದು ಕೆಲಸ ಮಾಡಿತು, ಆದರೆ ರೇಗನ್ ಕಾಲದಲ್ಲಿ. ಕಹಿ ಕುಡಿಸಿದವರಿಗೆ ಬೈಗುಳ, ಜ್ವರ ಬಿಟ್ಟಾಗ ಇದ್ದವರಿಗೆ ಹೊಗಳಿಕೆ. ಇದು ನನಗೆ ನಿಜವಾಗಿಯೂ ನೋವು ಕೊಡುವ ಸಂಗತಿ. ಇಂಥ ಕಹಿ ಹೊತ್ತಿನಲ್ಲಿ ಊರೂರಿಗೆ ಹೋಗಿ, ನಮ್ಮ ಅಧ್ಯಕ್ಷರು ಮಾಡಿದ್ದು ಸರಿ ಎಂದು ಹೇಳುವ ಪಕ್ಷದವರು ಬೇಕಿತ್ತು. ಅಂಥವರನ್ನು ಕಾರ್ಟರ್ ಗಳಿಸಿಕೊಂಡಿರಲಿಲ್ಲ.

ಕಡೆಯ ದಿನವೂ ಹಾಗೇ ಆಯಿತು. 1980ರ ನವೆಂಬರ್ 4ರ ರಾತ್ರಿ, ವಾಷಿಂಗ್ಟನ್ ಸಮಯ ಹತ್ತು ಗಂಟೆಯೂ ಆಗುವ ಮೊದಲೇ ಕಾರ್ಟರ್ ವೇದಿಕೆಗೆ ಬಂದು ಸೋಲೊಪ್ಪಿಕೊಂಡರು. ಜನರಿಗೆ ಸುಳ್ಳು ಹೇಳುವುದಿಲ್ಲ ಎಂದಿದ್ದೆ, ಹಾಗಾಗಿ ನೋವಾಗಿಲ್ಲ ಎಂದು ಹೇಳಲಾರೆ ಎಂದರು. ಕೇಳಿದವರ ಕಣ್ಣು ಒದ್ದೆಯಾಗುವಂಥ ಮಾತು. ಆದರೆ ಆ ಹೊತ್ತಿಗೆ ಪಶ್ಚಿಮ ಕರಾವಳಿಯಲ್ಲಿ ಇನ್ನೂ ಮತದಾನ ನಡೆಯುತ್ತಿತ್ತು. ಕ್ಯಾಲಿಫೋರ್ನಿಯಾದ ಜೇಮ್ಸ್ ಕೋರ್ಮನ್ ಎಂಬ ಡೆಮಾಕ್ರಟಿಕ್ ಸದಸ್ಯರು ಇಪ್ಪತ್ತು ವರ್ಷದಿಂದ ಕೆಳಮನೆಯಲ್ಲಿದ್ದರು. ಅವರು ಆ ದಿನ ಸಾವಿರಕ್ಕಿಂತ ಕಡಿಮೆ ಮತಗಳಿಂದ ಸೋತರು. ಅಧ್ಯಕ್ಷರೇ ಸೋತರಂತೆ ಎಂದು ಕೇಳಿದ ತಮ್ಮ ಕಡೆಯ ಮತದಾರರು ಮತಗಟ್ಟೆಗೆ ಬರಲೇ ಇಲ್ಲ ಎಂದು ಕೋರ್ಮನ್ ಕಡೆಯವರು ದೂರಿದರು.

— ಸಂಪಾದಕ