ಹೆರಿಗೆ ರಜೆಯ ನಂತರ ಮನೆಯಿಂದ ಕೆಲಸ: ಮಾಲೀಕರು ಒಪ್ಪಲೇಬೇಕೆ?

ಹಾಸನದಲ್ಲಿ 14 ಜನರ ಕಚೇರಿ ನಡೆಸುತ್ತಿರುವ ನೀವು, ಹೆರಿಗೆ ರಜೆ ಮುಗಿಸಿ ಬರಲಿರುವ ಲೆಕ್ಕಪತ್ರ ವಿಭಾಗದ ಉದ್ಯೋಗಿಯೊಬ್ಬರು ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ ಮಾಡಲು ಅರ್ಜಿ ಕೊಟ್ಟಿದ್ದಾರೆಂದು ತಿಳಿಸಿ, ಅದನ್ನು ಒಪ್ಪಲೇಬೇಕೆ, ಎರಡು ತಿಂಗಳೊಳಗೆ ಉತ್ತರಿಸಬೇಕೆಂಬ ನಿಯಮವಿದೆಯೇ ಎಂದು ಕೇಳಿದ್ದೀರಿ. ಚಿಕ್ಕಮಗಳೂರಿನ ಕಾಫಿ ವ್ಯಾಪಾರದ ಕಚೇರಿಗಳಲ್ಲಿ ಹಾಜರಿ, ಸಂಬಳ, ರಜೆಯ ಲೆಕ್ಕ ನೋಡಿಕೊಂಡು ಬಂದ ಅನುಭವದಿಂದ ಉತ್ತರಿಸುತ್ತಿದ್ದೇನೆ.

ಎರಡು ತಿಂಗಳ ಗಡುವು ಬ್ರಿಟನ್ನಿನದು. ಅಲ್ಲಿ 2024ರ ಏಪ್ರಿಲ್ 6ರಿಂದ, ಕೆಲಸಕ್ಕೆ ಸೇರಿದ ಮೊದಲ ದಿನವೇ ಇಂಥ ಬೇಡಿಕೆ ಸಲ್ಲಿಸುವ ಹಕ್ಕಿದೆ. ನಮ್ಮಲ್ಲಿ ಎಲ್ಲ ನೌಕರರಿಗೂ ಅನ್ವಯಿಸುವ ಅಂಥ ಕಾಯ್ದೆ ಇಲ್ಲ. ಆದರೆ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯು, ಕೆಲಸದ ಸ್ವರೂಪ ಅದಕ್ಕೆ ಹೊಂದುವಂತಿದ್ದರೆ ರಜೆಯ ನಂತರ ಮನೆಯಿಂದ ದುಡಿಯಲು ಮಾಲೀಕರು ಅವಕಾಶ ಕೊಡಬಹುದು, ಅದರ ಅವಧಿಯನ್ನೂ ಷರತ್ತುಗಳನ್ನೂ ಇಬ್ಬರೂ ಒಪ್ಪಿ ಗೊತ್ತುಮಾಡಿಕೊಳ್ಳಬಹುದು ಎಂದಿತ್ತು. ಆ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್‌ನಿಂದ ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ಮಾತು ಉಳಿದಿದೆ. ‘ಕೊಡಬಹುದು’ ಎಂದಿದೆಯೇ ಹೊರತು ‘ಕೊಡತಕ್ಕದ್ದು’ ಎಂದಿಲ್ಲ.

ಹಾಗೆಂದು ಎಲ್ಲವೂ ನಿಮ್ಮ ಮರ್ಜಿಗೆ ಬಿಟ್ಟದ್ದೆಂದು ತಿಳಿಯಬೇಡಿ. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಲೇಬೇಕು, ಅದು ಊಟದ ಬಿಡುವಿನಲ್ಲಿ ಸೇರುವುದಿಲ್ಲ. ಅವರು ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದಾಗಲಿ, ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸುವುದಾಗಲಿ ಕಾನೂನುಬಾಹಿರ. ಶಿಶುಪಾಲನಾ ಕೇಂದ್ರದ ಕಡ್ಡಾಯ 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಮಾತ್ರ. ಇನ್ನು ಇಂಥದೇ ಬೇಡಿಕೆ ಅಂಗವಿಕಲ ನೌಕರರಿಂದ ಬಂದರೆ ವಿಷಯವೇ ಬೇರೆ: ಸೂಕ್ತ ಹೊಂದಾಣಿಕೆಯನ್ನು, ಅಂದರೆ ಅವರ ಅಗತ್ಯಕ್ಕೆ ತಕ್ಕಂತೆ ಕೆಲಸದಲ್ಲಿ ಮಾಡಿಕೊಡಬೇಕಾದ ಬದಲಾವಣೆಯನ್ನು, ನಿರಾಕರಿಸುವುದನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತಾರತಮ್ಯವೆಂದೇ ಪರಿಗಣಿಸುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ನಿರಾಕರಣೆಯಲ್ಲ, ಬಾಯಿಮಾತಿನ ಒಪ್ಪಿಗೆ. ನಾನಿದ್ದ ಒಂದು ಕಚೇರಿಗೆ ಮೂಡಿಗೆರೆ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಬಾಣಂತಿಯೊಬ್ಬರು, ಸಂಜೆ ನಾಲ್ಕಕ್ಕೆ ಹೊರಟು ಉಳಿದ ಲೆಕ್ಕವನ್ನು ಮನೆಯಲ್ಲಿ ಮುಗಿಸುತ್ತೇನೆಂದು ಕೇಳಿದರು. ಮಾಲೀಕರು ‘ಆಯ್ತಮ್ಮ, ಹಾಗೇ ಮಾಡಿ’ ಎಂದರು; ಯಾರೂ ಬರೆದಿಡಲಿಲ್ಲ, ನಾನೂ ಬರೆಸಲಿಲ್ಲ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಹೊಸದಾಗಿ ಬಂದ ವ್ಯವಸ್ಥಾಪಕರು ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಹನ್ನೊಂದು ಕಡೆ ಕೆಂಪು ಶಾಯಿಯಲ್ಲಿ ಅರ್ಧ ದಿನದ ರಜೆ ಎಂದು ಗುರುತು ಹಾಕಿ ಸಂಬಳ ಕಡಿತ ಮಾಡಿದರು. ರಾತ್ರಿ ಮಗು ಮಲಗಿದ ಮೇಲೆ ಅವರು ಕಳಿಸುತ್ತಿದ್ದ ಲೆಕ್ಕದ ಹಾಳೆಗಳೆಲ್ಲ ನನ್ನ ಬಳಿ ಇದ್ದವು, ಆದರೆ ಆ ಏರ್ಪಾಡಿಗೆ ಒಪ್ಪಿಗೆ ಇತ್ತೆಂದು ತೋರಿಸುವ ಒಂದು ಸಾಲೂ ಇರಲಿಲ್ಲ. ಮುಂದಿನ ತಿಂಗಳು ಅವರು ಕೆಲಸ ಬಿಟ್ಟರು. ಆ ನೋವು ನನಗೆ ಇಂದಿಗೂ ಇದೆ.

ಆದ್ದರಿಂದ ಒಂದೆರಡು ವಾರದಲ್ಲೇ ಲಿಖಿತ ಉತ್ತರ ಕೊಡಿ. ಒಪ್ಪುವುದಿಲ್ಲವಾದರೆ ಆ ಕೆಲಸದ ಯಾವ ಭಾಗ ಕಚೇರಿಯಲ್ಲೇ ಆಗಬೇಕೆಂದು ಬಿಡಿಸಿ ಹೇಳಿ. ಮೂರು ದಿನ ಆಗದಿದ್ದರೆ ಎರಡು ದಿನ ಆದೀತೇ ಎಂದು ಕೂತು ಮಾತನಾಡಿ. ಒಪ್ಪುವುದಾದರೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ದಿನಗಳು, ಹಾಜರಿ ಹೇಗೆ, ಸಂಬಳ ಅಷ್ಟೇ ಇರುತ್ತದೆಯೇ, ಏರ್ಪಾಡು ನಿಲ್ಲಿಸಬೇಕಾದರೆ ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದೆಲ್ಲ ಪತ್ರದಲ್ಲಿರಲಿ. ಆಷಾಢದ ಮಳೆಗೆ ಕರೆಂಟು ಹೋದ ದಿನವನ್ನು ರಜೆಯೆಂದು ಎಣಿಸುವಿರೋ, ಮರುದಿನ ಮುಗಿಸಿಕೊಟ್ಟರೆ ಸಾಕೋ ಎಂಬುದನ್ನೂ ಬರೆಯಿರಿ, ನಮ್ಮ ಕಡೆ ಜಗಳ ಹುಟ್ಟುವುದೇ ಅಲ್ಲಿ. ಮನೆಯಲ್ಲಿ ಮಾಡಿದರೂ ಅದು ಕೆಲಸವೇ ಆದುದರಿಂದ, ವಾರಕ್ಕೆ 48 ಗಂಟೆಯ ಮಿತಿಯನ್ನು ಮರೆತು ರಾತ್ರಿ ಹತ್ತಕ್ಕೆ ಫೋನು ಮಾಡುವ ರೂಢಿ ಬೇಡ.

ಪತ್ರದ ಎರಡು ಪ್ರತಿಗಳಿಗೂ ಇಬ್ಬರೂ ಸಹಿ ಹಾಕಿ, ಒಂದನ್ನು ಅವರು ಕೆಲಸಕ್ಕೆ ಮರಳುವ ಮೊದಲೇ ಅವರ ಕೈಗೆ ಕೊಡಿ.